ಬಿಟ್ಟುಹೋದ ನಕ್ಷತ್ರ

ಫೆಬ್ರವರಿ 12, 1894, ಸೋಮವಾರ

ಇವತ್ತು ಡಾಕ್ಟರ್ ಪೆನ್‌ಹ್ಯಾಲೋ ನನ್ನ ಮೇಜಿನ ಬಳಿ ಬಂದು ನಿಂತರು. ಅವರು ಬಂದು ನಿಂತರೆ ಸಾಕು, ಮಾಡದ ತಪ್ಪುಗಳೂ ನನಗೆ ನೆನಪಾಗುತ್ತವೆ. ನಮ್ಮ ನಿಘಂಟಿನ ಸಂಪಾದಕರು ಒಳ್ಳೆಯವರೇ. ಈ ಏಳು ವರ್ಷಗಳಲ್ಲಿ ಒಮ್ಮೆಯೂ ದನಿ ಏರಿಸಿದ್ದನ್ನು ಕೇಳಿಲ್ಲ. ಆದರೂ ಹಲಗೆಯ ನೆಲದ ಮೇಲೆ ಅವರ ಬೂಟಿನ ಸದ್ದು ಹತ್ತಿರ ಬಂದಂತೆ ನನ್ನ ಲೇಖನಿಯಿಂದ ಮಸಿ ಉದುರುತ್ತದೆ. ಇವತ್ತೂ ಉದುರಿತು.

‘ಫಿಯರ್’ ಪದದ ಮೂಲವನ್ನು ನಾನೇ ಬರೆಯಬೇಕಂತೆ. ಭಯ ಎಂಬ ಪದ, ಅದೂ ನನಗೆ! ಪಕ್ಕದ ಮೇಜಿನ ಯೋ ಎಂಬ ಮಹಾಶಯ ಸುಮ್ಮನಿರುತ್ತಾನೆಯೇ? ಸಂಪಾದಕರು ಅತ್ತ ಹೋದದ್ದೇ ತಡ, ಕತ್ತು ಚಾಚಿದ.

“ಸರಿಯಾದ ಕೈಗೇ ಕೊಟ್ರು ಬಿಡಿ, ಮಿಸ್ ಟಾಲಿ. ಪುಸ್ತಕ ಹುಡುಕೋ ಕಷ್ಟಾನೇ ಇಲ್ಲ, ಕನ್ನಡಿ ಮುಂದೆ ಕೂತು ಬರ್ಕೊಂಡು ಬನ್ನಿ.”

ಇದುವರೆಗೆ ಪದಗಳ ಮೂಲ ಬರೆಯುತ್ತಿದ್ದವರು ಗಾರ್ತ್ ಅವರು, ಇಪ್ಪತ್ತಾರು ವರ್ಷ. ಕ್ರಿಸ್‌ಮಸ್ ಹೊತ್ತಿಗೆ ಅವರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಪದಕ್ಕೊಂದರಂತೆ ಅವರು ಬರೆದ ಚೀಟಿಗಳನ್ನು ಐದು ವರ್ಷ ಶುದ್ಧಪ್ರತಿ ಮಾಡಿದವಳು ನಾನೇ ಆದ್ದರಿಂದ ಕೆಲಸ ನನ್ನ ಮೇಜಿಗೆ ಉರುಳಿದೆ. ಕುದುರೆಯ ಜೀನು ಹೊಲಿಯುವವನ ಮಗಳು ಆ ಕುರ್ಚಿಯಲ್ಲಿ ಕೂರುತ್ತಾಳೆಂದು ಲಡ್ಲೋ ಊರಿನಲ್ಲಿ ಯಾರು ಎಣಿಸಿದ್ದರು? ಸಂತೋಷವಾಗಬೇಕಿತ್ತು. ಆಗುತ್ತಿಲ್ಲ.

ಬರುವಾಗ ಮಿಲ್ ಬೀದಿಯ ಬ್ರೆಡ್ ಅಂಗಡಿಯ ನಾಯಿ ಅಡ್ಡ ಬಿದ್ದುಕೊಂಡಿತ್ತು. ಎಂದಿನಂತೆ ಕೋಟೆಯ ಕಡೆಯಿಂದ ಸುತ್ತಿಕೊಂಡು ಬಂದೆ. ಕಾಲು ಗಂಟೆ ಹೆಚ್ಚು.

ಫೆಬ್ರವರಿ 15, ಗುರುವಾರ

ಕೆಲಸಕ್ಕೆ ಕೂತರೆ ಹೆದರಿಕೆ ಸ್ವಲ್ಪ ಮರೆಯುತ್ತದೆ. ಸಾವಿರ ವರ್ಷದ ಹಿಂದಿನ ನಮ್ಮ ಇಂಗ್ಲಿಷಿನಲ್ಲಿ ಈ ಪದ ‘ಫ್ಯಾರ್’. ಆಗ ಅದಕ್ಕೆ ಭಯ ಎಂಬ ಅರ್ಥವೇ ಇರಲಿಲ್ಲ! ಹಠಾತ್ತನೆ ಮೇಲೆ ಬೀಳುವ ವಿಪತ್ತಿಗೆ ಹಾಗೆನ್ನುತ್ತಿದ್ದರು. ಏರಿ ಬಂದ ನೀರು, ಹೊತ್ತಿಕೊಂಡ ಮನೆ, ಹೊಂಚು ಹಾಕಿದ ಕಳ್ಳ. ಎಲ್ಲ ಹೊರಗಡೆಯವು. ಜರ್ಮನರ ಬಾಯಲ್ಲಿ ಇದರ ದಾಯಾದಿ ಪದಕ್ಕೆ ಇಂದಿಗೂ ಅಪಾಯವೆಂದೇ ಅರ್ಥ. ನಮ್ಮಲ್ಲಿ ಮಾತ್ರ ಅದು ಹೊಸಿಲು ದಾಟಿ ಮನುಷ್ಯನ ಎದೆಯೊಳಗೆ ಬಂದು ಕೂತಿತು.

ಇನ್ನೂ ಹಿಂದೆ ಹೋದರೆ ಲ್ಯಾಟಿನ್ನಿನ ‘ಪೆರಿಕುಲುಂ’ ಸಿಗುತ್ತದೆ. ಅಪಾಯ ಹೌದು, ಆದರೆ ಮೊದಲ ಅರ್ಥ ಪರೀಕ್ಷೆ. ಗ್ರೀಕಿನ ‘ಪೈರ’ ಎಂದರೆ ಪ್ರಯತ್ನ, ಕೈಹಾಕಿ ನೋಡುವುದು. ‘ಎಕ್ಸ್‌ಪೀರಿಯೆನ್ಸ್’ ಪದವೂ ಇದೇ ಮನೆತನದ್ದು. ಭಯದ ಮುತ್ತಜ್ಜಿ ಪ್ರಯತ್ನವೆಂದರೆ ಯಾರು ನಂಬುತ್ತಾರೆ? ನಾನಂತೂ ನಂಬಲಾರೆ.

ಫೆಬ್ರವರಿ 21, ಬುಧವಾರ

ಲೈಪ್‌ಜಿಗ್‌ನಿಂದ ಜರ್ಮನ್ ಪ್ರೊಫೆಸರ್ ರೀಡಿಂಗರ್ ಅವರ ಹೊಸ ಪುಸ್ತಕ ಬಂತು. ನೂರಾ ನಲವತ್ತನೆಯ ಪುಟದಲ್ಲಿ ನನಗೆ ಬೇಕಾದ್ದೇ ಇದೆ: ಗಾಥಿಕ್ ಭಾಷೆಯಲ್ಲಿ ‘ಫೇರ್ಸ್’, ಅರ್ಥ ಅಪಾಯ. ಗಾಥಿಕ್ ನಮ್ಮ ಭಾಷೆಗೆ ದೊಡ್ಡಮ್ಮನಿದ್ದಂತೆ. ಅವಳ ಮನೆಯಲ್ಲಿ ಒಂದು ಪದ ಸಿಕ್ಕಿತೆಂದರೆ ನಮ್ಮ ಪದದ ವಂಶಾವಳಿ ಮುನ್ನೂರು ವರ್ಷ ಹಿಂದಕ್ಕೆ ಗಟ್ಟಿಯಾಗುತ್ತದೆ.

ಅದರ ತಲೆಯ ಮೇಲೆ ನಕ್ಷತ್ರವಿಲ್ಲ. ನಮ್ಮವರ ಕಟ್ಟುನಿಟ್ಟು ಅದು. ಎಲ್ಲಾದರೂ ಬರಹದಲ್ಲಿ ಕಣ್ಣಾರೆ ಕಂಡ ಪದವನ್ನು ಹಾಗೇ ಬರೆಯುತ್ತೇವೆ. ಕಂಡಿಲ್ಲದೆ ತರ್ಕದಿಂದ ಊಹಿಸಿದ ಪದದ ತಲೆಯ ಮೇಲೆ ಚಿಕ್ಕ ನಕ್ಷತ್ರ ಇಡುತ್ತೇವೆ. ಅದೊಂದು ಗುರುತು ತಪ್ಪಿದರೆ ಊಹೆ ಸಾಕ್ಷಿಯಾಗಿ ನಿಲ್ಲುತ್ತದೆ.

ಡಾಕ್ಟರ್ ಪೆನ್‌ಹ್ಯಾಲೋ ಪುಟ ನೋಡಿ ತಲೆದೂಗಿದರು. ಯಾವ ಹಸ್ತಪ್ರತಿಯಲ್ಲಿ ಕಂಡದ್ದೆಂದು ರೀಡಿಂಗರ್ ಅಡಿಟಿಪ್ಪಣಿಯಲ್ಲಿ ಕೊಟ್ಟಿರಬೇಕು, ಅದನ್ನೂ ಸೇರಿಸಿ ಎಂದರು. ಮನೆಗೆ ಬಂದು ಕುರಿಮಾಂಸದ ಸಾರು ಎರಡು ಬಟ್ಟಲು ಕುಡಿದೆ.

ಫೆಬ್ರವರಿ 28, ಬುಧವಾರ

ಇವತ್ತಿನದನ್ನು ಇವತ್ತೇ ಬರೆದಿಡುತ್ತೇನೆ.

ರೀಡಿಂಗರ್ ಅವರ ಅಡಿಟಿಪ್ಪಣಿ ಹಸ್ತಪ್ರತಿಯನ್ನು ಹೇಳುವುದಿಲ್ಲ. ಇನ್ನೊಂದು ಪುಸ್ತಕವನ್ನು ಹೇಳುತ್ತದೆ. ಆ ಪುಸ್ತಕ ನಮ್ಮದೇ. ಮೂರು ವರ್ಷದ ಹಿಂದೆ ಅಚ್ಚಾದ ನಮ್ಮ ನಿಘಂಟಿನ ಇ ಅಕ್ಷರದ ಸಂಚಿಕೆ, ‘ಎಕ್ಸ್‌ಪೀರಿಯೆನ್ಸ್’ ಪದದ ಕೆಳಗೆ, ಸಂಬಂಧಿಕ ಪದಗಳ ಸಾಲಿನಲ್ಲಿ: ಗಾಥಿಕ್ ‘ಫೇರ್ಸ್’. ನಕ್ಷತ್ರವಿಲ್ಲದೆ.

ಸಂಪಾದಕರಿಗೆ ತೋರಿಸಲೇಬೇಕಾಯಿತು. ಅವರು ಎರಡೂ ಪುಸ್ತಕಗಳನ್ನು ಅಕ್ಕಪಕ್ಕ ಬಿಡಿಸಿಟ್ಟುಕೊಂಡು ಬಹಳ ಹೊತ್ತು ನೋಡಿದರು.

“ಅಂದ್ರೆ ನಾವೇ ಆಡಿದ ಮಾತು ಜರ್ಮನಿಗೆ ಹೋಗಿ, ಸಾಕ್ಷಿ ಆಗಿ ನಮ್ಮ ಮನೆಗೇ ವಾಪಸ್ ಬಂದಿದೆ” ಎಂದರು. ಆಮೇಲೆ ಮೆಲ್ಲಗೆ, “ಇಲ್ಲದ ಪದಾನ ಗಾರ್ತ್ ಹುಟ್ಟಿಸಿದ್ರಾ?” ಎಂದರು.

ಗಾಥಿಕ್ ಬರಹವೆಂದು ಜಗತ್ತಿನಲ್ಲಿ ಉಳಿದಿರುವುದೇ ಬೊಗಸೆಯಷ್ಟು. ಸಂಜೆಯೊಳಗೆ ಅವರೇ ಪದಸೂಚಿಗಳನ್ನೆಲ್ಲ ಶೋಧಿಸಿ ಮುಗಿಸಿದರು. ‘ಫೇರ್ಸ್’ ಎಲ್ಲಿಯೂ ಇಲ್ಲ. ಹೊಸ ಸಂಪುಟ ಏಪ್ರಿಲ್‌ನಲ್ಲಿ ಅಚ್ಚಿಗೆ ಹೋಗುತ್ತದೆ. ಅದರ ಮುಖಪುಟದಲ್ಲಿ ಮೊದಲ ಬಾರಿಗೆ ಗಾರ್ತ್ ಅವರ ಹೆಸರು ಸಂಪಾದಕರ ಹೆಸರಿನ ಪಕ್ಕ ಬರುವುದಿತ್ತು. ನನ್ನ ಕಣ್ಣೆದುರಿಗೇ ಆ ಕರಡಚ್ಚಿನ ಮೇಲೆ ಒಂದು ಗೆರೆ ಎಳೆದರು. ಹುಟ್ಟಿಸಿ ಬರೆಯುವವನ ಹೆಸರು ಅಲ್ಲಿರಲು ಬರುವುದಿಲ್ಲವಂತೆ.

ಮಾರ್ಚ್ 1, ಗುರುವಾರ

ಬೆಳಗ್ಗೆ ಮುಖ ತೊಳೆಯುವಾಗ ನೆನಪಾಯಿತು. ನೀರು ಕೈಯಲ್ಲೇ ಉಳಿಯಿತು.

‘ಎಕ್ಸ್‌ಪೀರಿಯೆನ್ಸ್’ ಚೀಟಿಯನ್ನು ಶುದ್ಧಪ್ರತಿ ಮಾಡಿದವಳು ನಾನು. ಗಾರ್ತ್ ಅವರ ಕೈಬರಹದಲ್ಲಿ ಆ ಪದದ ತಲೆಯ ಮೇಲೆ ಏನೋ ಇತ್ತು. ನಕ್ಷತ್ರವೋ, ಮಸಿ ಸಿಡಿದದ್ದೋ, ನೊಣ ಕೂತ ಗುರುತೋ. ಎದ್ದು ಹೋಗಿ ಕೇಳಬೇಕಿತ್ತು. ಹಿಂದಿನ ದಿನವಷ್ಟೇ ಬೇರೆ ಯಾವುದೋ ಚೀಟಿಯ ಒಂದು ಅಕ್ಷರ ಕೇಳಿದ್ದಕ್ಕೆ ಗಾರ್ತ್ ಅವರು ಇಡೀ ಕೋಣೆಗೆ ಕೇಳುವಂತೆ, “ಓದೋಕೆ ಬರದೇ ಇರೋರನ್ನ ನನ್ನ ತಲೆಗೆ ಯಾಕಪ್ಪಾ ಕಟ್ತೀರಿ” ಎಂದಿದ್ದರು. ಯೋ ನಕ್ಕಿದ್ದ. ಇನ್ನೊಮ್ಮೆ ಹೋಗಲು ನನಗೆ ಧೈರ್ಯ ಸಾಲಲಿಲ್ಲ. ನೊಣವೇ ಇರಬೇಕು ಎಂದುಕೊಂಡು ಬಿಟ್ಟೆ.

ನೊಣವಾಗಿದ್ದಿರಲೂಬಹುದು. ದೇವರೇ, ಅದು ನೊಣವೇ ಆಗಿರಲಿ.

ಮಾರ್ಚ್ 3, ಶನಿವಾರ

ಯಾರಿಗೂ ಹೇಳಿಲ್ಲ. ಯೋ ಎರಡು ಸಲ ನನ್ನ ಮುಖ ನೋಡಿದ. ಏನೋ ಗೊತ್ತಾಗಿರಬೇಕು.

ಮಾರ್ಚ್ 7, ಬುಧವಾರ

ಅಚ್ಚಾಗಿ ಮುಗಿದ ಚೀಟಿಗಳನ್ನು ಕಟ್ಟು ಕಟ್ಟಿ ಅಟ್ಟದಲ್ಲಿ ಇಡುತ್ತೇವೆ. ನಮ್ಮ ಕಚೇರಿ ಮೊದಲು ಉಣ್ಣೆ ಮಂಡಿಯಾಗಿತ್ತು, ಅಟ್ಟದಲ್ಲಿ ಇವತ್ತಿಗೂ ಕುರಿಯ ವಾಸನೆ. ಏಣಿ ಹತ್ತುವುದೆಂದರೆ ನನಗೆ ಜೀವ ಹೋಗುತ್ತದೆ, ಇಷ್ಟು ವರ್ಷ ಒಂದಲ್ಲ ಒಂದು ನೆಪ ಹೇಳಿ ಬೇರೆಯವರನ್ನೇ ಹತ್ತಿಸಿದ್ದೇನೆ. ಇವತ್ತು ಎಲ್ಲರೂ ಊಟಕ್ಕೆ ಹೋದಾಗ ನಾನೇ ಹತ್ತಿದೆ. ಎಂಟನೆಯ ಮೆಟ್ಟಿಲಲ್ಲಿ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಂತಿದ್ದೆ.

ಕಟ್ಟು ಸಿಕ್ಕಿತು. ಚೀಟಿಯೂ ಸಿಕ್ಕಿತು. ಅಟ್ಟದ ಮಬ್ಬಿನಲ್ಲಿ ಅದು ಬರೀ ಒಂದು ಕರಿ ಚುಕ್ಕೆ. ನೊಣ ಎಂದುಕೊಂಡೆ, ಸಂತೋಷದಿಂದ ಕಣ್ಣಲ್ಲಿ ನೀರೇ ಬಂತು. ಆಮೇಲೆ ಕಿಟಕಿಯ ಹತ್ತಿರ ಹಿಡಿದು ನೋಡಿದೆ. ಆರು ಗೆರೆಯ ನಕ್ಷತ್ರ. ಒಂದು ಗೆರೆ ಸ್ವಲ್ಪ ಕದಡಿದೆ, ಉಳಿದ ಐದೂ ಸ್ಪಷ್ಟ.

ಅಂದು ನನ್ನ ಮೇಜಿನಿಂದ ಕಿಟಕಿಗೆ ನಾಲ್ಕು ಹೆಜ್ಜೆ ಇತ್ತು. ಅವರನ್ನು ಕೇಳುವುದು ಬೇಡ, ನಾಲ್ಕು ಹೆಜ್ಜೆ ನಡೆದಿದ್ದರೂ ಸಾಕಾಗಿತ್ತು. ಅಷ್ಟಕ್ಕೂ ಯಾರಾದರೂ ಏಕೆ ಎದ್ದೆ ಎಂದು ಕೇಳಿಯಾರೆಂದು ಹೆದರಿದೆ. ಭಯ ಎಂಬ ಪದಕ್ಕೆ ಇಲ್ಲದ ಒಬ್ಬ ಅಜ್ಜಿಯನ್ನು ನನ್ನ ಭಯವೇ ಹಡೆಯಿತು.

ಚೀಟಿಯನ್ನು ಪ್ರಾರ್ಥನಾ ಪುಸ್ತಕದೊಳಗೆ ಸೇರಿಸಿಕೊಂಡು ಬಂದಿದ್ದೇನೆ. ಕಚೇರಿಯಿಂದ ಒಂದು ಚೀಟಿ ಹೊರಗೆ ಒಯ್ದರೂ ಅದು ಕಳವು. ಈಗ ಕಳ್ಳಿಯೂ ಆದೆ.

ಮಾರ್ಚ್ 8, ಗುರುವಾರ

ನನ್ನ ಮೇಜಿನಿಂದ ಕಬ್ಬಿಣದ ಒಲೆ ಕೈಗೆಟುಕುವ ದೂರದಲ್ಲಿದೆ. ಅದರ ಬಾಯಿ ಸದಾ ತೆರೆದಿರುತ್ತದೆ. ಇಷ್ಟು ದಿನ ಗಮನಿಸಿರಲಿಲ್ಲ.

ಮಾರ್ಚ್ 11, ಭಾನುವಾರ

ಚರ್ಚಿನಿಂದ ನೇರ ಗಾರ್ತ್ ಅವರ ಮನೆಗೆ ಹೋದೆ. ಹೇಳಿಬಿಡಬೇಕೆಂದೇ ಹೊರಟಿದ್ದೆ. ಮನೆಗೆಲಸದ ಮಿಸೆಸ್ ಬಂಟ್ ಬಾಗಿಲು ತೆಗೆದು, ಹೆಚ್ಚು ಹೊತ್ತು ಕೂರಬೇಡಿ ಎಂದಳು.

ಸಂಪಾದಕರ ಪತ್ರ ಅವರಿಗೆ ಬಂದಿದೆ. ಜಗಳವಾಡುತ್ತಾರೆ, ಕೂಗುತ್ತಾರೆ ಎಂದುಕೊಂಡಿದ್ದೆ. ಅವರು ಹಾಗೇನೂ ಮಾಡಲಿಲ್ಲ. ಮಡಿಲಲ್ಲಿ ಹಳೆಯ ಟಿಪ್ಪಣಿ ಪುಸ್ತಕ, ಎಡಗೈಯಲ್ಲಿ ಪುಟ ಮಗುಚುತ್ತಿದ್ದರು. ಬಾಯಿ ಒಂದು ಕಡೆಗೆ ಸೊಟ್ಟಗಾಗಿದೆ, ಮಾತು ತೊದಲುತ್ತದೆ.

“ಕೆಜಿಯಾ, ನನ್ನ ಚೀಟಿ ನಕಲು ಮಾಡಿದ್ದು ನೀನೇ ಅಲ್ವಾ. ನಾನು ನಕ್ಷತ್ರ ಹಾಕಿದ್ನಾ?”

ನನ್ನ ಕೈಚೀಲದಲ್ಲಿ ಪ್ರಾರ್ಥನಾ ಪುಸ್ತಕವಿತ್ತು. ಪುಸ್ತಕದಲ್ಲಿ ಚೀಟಿ ಇತ್ತು.

“ನೆನಪಿಲ್ಲ ಸರ್” ಎಂದೆ.

“ಹಾಕಿರ್ಲಿಕ್ಕಿಲ್ಲ ಬಿಡು” ಎಂದರು. “ತಲೆ ಆಗಲೇ ಕೆಟ್ಟಿತ್ತು ಅನ್ಸುತ್ತೆ. ನನಗೇ ಗೊತ್ತಾಗ್ಲಿಲ್ಲ, ನೋಡು.”

ಐದು ವರ್ಷ ಈ ಮನುಷ್ಯನಿಗೆ ಹೆದರಿದ್ದೇನೆ. ಅವರು ಬೈದಿದ್ದರೆ ನಾನು ಇಂದು ಸುಖವಾಗಿ ಮನೆಗೆ ಬರುತ್ತಿದ್ದೆ.

ಮಾರ್ಚ್ 12

ಹೇಳಿದರೆ ಕೆಲಸ ಹೋಗುತ್ತದೆ. ಹಾಗೆ ಹೋದ ಹೆಂಗಸನ್ನು ಇನ್ನು ಯಾವ ನಿಘಂಟಿನವರೂ ಕರೆಯುವುದಿಲ್ಲ. ಅಣ್ಣನ ಅಂಗಡಿಯಲ್ಲಿ ಕೂತು ಜೀನಿನ ಪಟ್ಟಿಗಳಿಗೆ ಎಣ್ಣೆ ಸವರುತ್ತ ಮುದುಕಿಯಾಗುತ್ತೇನೆ. ಹೇಳದಿದ್ದರೆ ಏನೂ ಆಗುವುದಿಲ್ಲ. ಏನೂ ಆಗುವುದಿಲ್ಲ ಎಂಬುದನ್ನು ಮೂರು ಸಲ ಬರೆದು ಹೊಡೆದುಹಾಕಿದ್ದೇನೆ.

ಮಾರ್ಚ್ 15, ಗುರುವಾರ

ಮಿಸೆಸ್ ಬಂಟ್ ಕಚೇರಿಯ ಬಾಗಿಲಿಗೇ ಬಂದಳು. ಅವಳು ಎಂದೂ ಹಾಗೆ ಬಂದವಳಲ್ಲ. ಸಂಪಾದಕರನ್ನು ಕರೆಯುತ್ತಾಳೇನೋ ಎಂದುಕೊಂಡೆ. ಅವಳು ಕರೆದದ್ದು ನನ್ನನ್ನು.

“ಮೂರು ದಿನ ಆಯ್ತು ಕಣಮ್ಮಾ, ಒಂದು ತುತ್ತು ಇಳಿಸಿಲ್ಲ. ಇಪ್ಪತ್ತಾರು ವರ್ಷದ ಪುಸ್ತಕಾನೆಲ್ಲ ಮುಂದೆ ಹಾಕ್ಕೊಂಡು ಒಂದೊಂದೇ ಹಾಳೆ ಹರೀತವ್ರೆ. ಇದೂ ಸುಳ್ಳಿರ್ಬೋದು, ಇದೂ ಸುಳ್ಳಿರ್ಬೋದು ಅಂತಾರೆ. ಒಂದು ಪದಕ್ಕೆ ಹಿಂಗಾ? ನೀವಾದ್ರೂ ಹೇಳಿ, ನಿಮ್ಮ ಮಾತು ಕೇಳ್ತಾರೆ.”

ನನ್ನ ಮಾತು! ಭಾನುವಾರ ಆಡಿದ ಎರಡು ಪದದ ಮಾತು ಕೇಳಿಯೇ ಅವರು ಹೀಗಾದದ್ದು. ನಾಳೆ ಬೆಳಗ್ಗೆ ಎಂದು ಅವಳಿಗೆ ಹೇಳಿ ಕಳಿಸಿದೆ. ನಾಳೆ ಬೆಳಗ್ಗೆ ಏನೆಂದು ನನಗೂ ಗೊತ್ತಿರಲಿಲ್ಲ.

ಮಾರ್ಚ್ 16, ಶುಕ್ರವಾರ

ಸಂಪಾದಕರು ಎಂಟಕ್ಕೆ ಬರುತ್ತಾರೆ, ಉಳಿದವರು ಎಂಟೂವರೆಗೆ. ಆ ಅರ್ಧ ಗಂಟೆ ಬೇಕಿತ್ತು. ಏಳುವುದು ತಡವಾಗಿತ್ತು, ಕೋಟೆಯ ಸುತ್ತುದಾರಿಗೆ ಹೊತ್ತಿರಲಿಲ್ಲ, ಮಿಲ್ ಬೀದಿಯಲ್ಲೇ ಬಂದೆ. ನಾಯಿ ಎದ್ದು ಒಮ್ಮೆ ಬೊಗಳಿತು. ನಾನು ಮನಸ್ಸಿನಲ್ಲಿ ವಾಕ್ಯಗಳನ್ನು ಜೋಡಿಸಿಕೊಳ್ಳುತ್ತಿದ್ದೆ.

ಜೋಡಿಸಿದ ಒಂದು ವಾಕ್ಯವೂ ಬಾಯಿಗೆ ಬರಲಿಲ್ಲ. ಪ್ರಾರ್ಥನಾ ಪುಸ್ತಕ ಬಿಡಿಸಿ, ಚೀಟಿಯನ್ನು ಅವರ ಮುಂದಿಟ್ಟು, “ನಕ್ಷತ್ರ ಇದೆ ಸರ್. ಬಿಟ್ಟಿದ್ದು ನಾನು” ಎಂದೆ.

ಅವರು ಚೀಟಿಯನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋದರು. ನಾಲ್ಕು ಹೆಜ್ಜೆ. ನೋಡಿದರು. ತಿರುಗಿ ಬಂದು ಕೂತರು.

“ಇದು ನಿಮ್ಮ ಹತ್ರ ಎಷ್ಟು ದಿನದಿಂದ ಇದೆ?”

“ಒಂಬತ್ತು ದಿನ ಸರ್.”

“ಒಲೆ ನಿಮ್ಮ ಪಕ್ಕದಲ್ಲೇ ಇತ್ತಲ್ಲ.”

“ಹೌದು ಸರ್. ದಿನಾ ನೋಡ್ತಿದ್ದೆ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಮುಖಪುಟದ ಕರಡಚ್ಚು ಹುಡುಕಿ, ತಾವೇ ಎಳೆದ ಗೆರೆಯ ಕೆಳಗೆ ಚುಕ್ಕೆಗಳನ್ನಿಟ್ಟರು. ಹೊಡೆದದ್ದು ಉಳಿಯಲಿ ಎಂದು ಅಚ್ಚುಮೊಳೆ ಜೋಡಿಸುವವರಿಗೆ ಹೇಳುವ ಗುರುತು ಅದು. ಗಾರ್ತ್ ಅವರ ಹೆಸರು ವಾಪಸ್ ಬಂತು.

ಆಮೇಲೆ ನನ್ನ ತೀರ್ಪು. ನಕ್ಷತ್ರ ಬಿಟ್ಟದ್ದನ್ನು ಅವರು ಕ್ಷಮಿಸಬಲ್ಲರಂತೆ, ನಕಲು ಮಾಡುವವರೆಲ್ಲ ಒಮ್ಮೆಯಾದರೂ ಬಿಟ್ಟಿರುತ್ತಾರೆ. ಆ ಒಂಬತ್ತು ದಿನಗಳನ್ನು ಕ್ಷಮಿಸಲಾರರಂತೆ. ಇಂದಿನಿಂದ ಪದಮೂಲದ ಮೇಜು ನನ್ನದಲ್ಲ. ಬಾಗಿಲ ಪಕ್ಕದ ಉದ್ದ ಮೇಜಿನಲ್ಲಿ ಚೀಟಿ ವಿಂಗಡಿಸಬೇಕು, ಏಳು ವರ್ಷದ ಹಿಂದೆ ಶುರು ಮಾಡಿದ ಕಡೆಯೇ. ಸಂಪುಟದ ತಪ್ಪು-ಒಪ್ಪುಗಳ ಪಟ್ಟಿಯಾದ ಒಪ್ಪೋಲೆಯಲ್ಲಿ ತಪ್ಪನ್ನು ನಾನೇ ಬರೆದು, ಕೆಳಗೆ ನನ್ನ ಹೆಸರು ಹಾಕಬೇಕು. ಹೆಂಗಸರ ಹೆಸರು ನಮ್ಮ ನಿಘಂಟಿನಲ್ಲಿ ಇದುವರೆಗೆ ಅಚ್ಚಾಗಿಲ್ಲ. ನನ್ನದು ಮೊದಲನೆಯದು.

ಯೋ ಬರುವಷ್ಟರಲ್ಲಿ ನನ್ನ ಮಸಿಕುಡಿಕೆ ಬಾಗಿಲ ಪಕ್ಕಕ್ಕೆ ಹೋಗಿತ್ತು. ಮಧ್ಯಾಹ್ನ ಅವನು ತನ್ನ ಶಾಲು ತಂದು ನನ್ನ ಕುರ್ಚಿಗೆ ಹಾಕಿದ. ಅಲ್ಲಿ ಗಾಳಿ ಬಹಳ.

ಮಾರ್ಚ್ 17, ಶನಿವಾರ

ಚೀಟಿಯನ್ನು ಒಂದು ದಿನದ ಮಟ್ಟಿಗೆ ಒಯ್ಯಲು ಸಂಪಾದಕರನ್ನೇ ಕೇಳಿದೆ. ಕೊಟ್ಟರು.

ಗಾರ್ತ್ ಅವರ ಕೋಣೆಯ ನೆಲದ ತುಂಬ ಹರಿದ ಹಾಳೆ. ನಾನು ನಿಂತುಕೊಂಡೇ ಹೇಳಿದೆ, ಮೊದಲಿನಿಂದ, ಭಾನುವಾರದ ಸುಳ್ಳನ್ನೂ ಬಿಡದೆ. ಹೇಳುವಾಗ ಅವರ ಮುಖ ನೋಡಲಾಗಲಿಲ್ಲ, ಮಿಸೆಸ್ ಬಂಟ್ ಹಿಡಿದಿದ್ದ ಸಾರಿನ ಬಟ್ಟಲನ್ನೇ ನೋಡುತ್ತಿದ್ದೆ. ಅದರ ಮೇಲೆ ಕೆನೆಗಟ್ಟಿತ್ತು.

ಚೀಟಿಯನ್ನು ಅವರ ಎಡಗೈಗೆ ಕೊಟ್ಟೆ. ಕಣ್ಣಿನ ಹತ್ತಿರ ಹಿಡಿದರು. ಹೆಬ್ಬೆರಳಿನಿಂದ ನಕ್ಷತ್ರವನ್ನು ಮುಟ್ಟಿದರು.

“ಇದೆ” ಎಂದರು. ಮತ್ತೊಮ್ಮೆ ಮುಟ್ಟಿ, “ಇದೆ.”

ಅವರು ಅಳುತ್ತಿದ್ದರು. ಮುಖದ ಒಂದೇ ಕಡೆ ಅಳುತ್ತಿತ್ತು. ನಾನೂ ಅತ್ತೆ, ನಾಚಿಕೆಯಿಂದ.

“ಅಲ್ಲಾ, ಒಂದು ಮಾತು ಕೇಳಬಾರ್ದಿತ್ತಾ? ಎದುರಿಗೇ ಕೂತಿದ್ನಲ್ಲ.”

“ಭಯ ಆಯ್ತು ಸರ್.”

“ಯಾರ ಭಯ? ಪೆನ್‌ಹ್ಯಾಲೋದಾ?”

“ಅಲ್ಲ. ನಿಮ್ದು.”

ಮಿಸೆಸ್ ಬಂಟ್ ಬಟ್ಟಲನ್ನು ಮೇಜಿನ ಮೇಲಿಟ್ಟಳು. ಗಾರ್ತ್ ಅವರು ನೆಲದ ಮೇಲಿನ ಹಾಳೆಗಳನ್ನು ನೋಡುತ್ತ ಕೂತರು. ಇಪ್ಪತ್ತಾರು ವರ್ಷದಲ್ಲಿ ತಾವು ಯಾರು ಯಾರನ್ನು ಬೈದಿದ್ದೆವೆಂದು ಲೆಕ್ಕ ಹಾಕುತ್ತಿದ್ದರೋ ಏನೋ, ನನಗೆ ಹೇಗೆ ಗೊತ್ತಾಗಬೇಕು. ಕೊನೆಗೆ ಎಡಗೈಯಿಂದ ಸಾರಿನ ಕಡೆ ತೋರಿಸಿದರು. ಮಿಸೆಸ್ ಬಂಟ್ ಓಡಿದಂತೆ ಹೋಗಿ ಬಿಸಿ ಮಾಡಿ ತಂದಳು.

“ನಾಳೆ ಬಾ” ಎಂದರು ಎರಡು ಚಮಚದ ನಡುವೆ. “ಫಿಯರ್ ಪದದ್ದು ಏನು ಬರ್ದಿದ್ದೀಯೋ ತಗೊಂಡು ಬಾ.”

ಆ ಮೇಜು ಈಗ ನನ್ನದಲ್ಲವೆಂದು ಹೇಳಿದೆ.

“ಮೇಜು ಹೋದ್ರೆ ಹೋಯ್ತು. ಬರೆಯೋಕೆ ಆಗದ ಕೈ ನಂದು, ನನಗೊಂದು ಕೈ ಬೇಕು. ಪೆನ್‌ಹ್ಯಾಲೋ ಕೇಳಿದ್ರೆ ನಾನೇ ಕರ್ದೆ ಅನ್ನು.”

ಹೊರಡುವ ಮೊದಲು ಹರಿದ ಹಾಳೆಗಳನ್ನೆಲ್ಲ ಬುಟ್ಟಿಗೆ ತುಂಬಿಕೊಂಡೆ. ಗೋಂದು ಹಚ್ಚಿ ಅಂಟಿಸಿದರೆ ಬಹುಪಾಲು ಓದಲು ಬರುತ್ತದೆ.

ಮಾರ್ಚ್ 29, ಗುರುವಾರ

ಈಸ್ಟರ್ ಹಬ್ಬವೆಲ್ಲ ಗೋಂದಿನಲ್ಲೇ ಕಳೆಯಿತು. ಗಾರ್ತ್ ಅವರ ಮನೆಯಲ್ಲಿ ಸಂಜೆ ಎರಡು ಗಂಟೆ ಬರೆಯುತ್ತೇನೆ. ಈಗಲೂ ಸಿಡುಕುತ್ತಾರೆ. ನಿನ್ನೆ ಒಂದು ಗ್ರೀಕ್ ಪದವನ್ನು ಮೂರು ಸಲ ಕೇಳಿದೆ, ಮೂರನೆಯ ಸಲಕ್ಕೆ ಕೆರಳಿದರು, ನಾಲ್ಕನೆಯ ಸಲ ಕೇಳಿದ ಮೇಲೆ ತಾವೇ ತಪ್ಪು ಹೇಳಿದ್ದೆಂದು ಅವರಿಗೆ ಗೊತ್ತಾಯಿತು.

ಲೈಪ್‌ಜಿಗ್‌ಗೆ ಪತ್ರ ಬರೆದು ಹಾಕಿದೆ. ಪ್ರೊಫೆಸರ್ ರೀಡಿಂಗರ್ ಕೋಪಿಸಿಕೊಳ್ಳುತ್ತಾರೆ. ಕೋಪಿಸಿಕೊಳ್ಳುವುದು ಅವರ ಹಕ್ಕು.

ಏಪ್ರಿಲ್ 2, ಸೋಮವಾರ

‘ಫಿಯರ್’ ಇವತ್ತು ಅಚ್ಚಿಗೆ ಹೋಯಿತು. ಗಾಥಿಕ್ ‘ಫೇರ್ಸ್’ ಅನ್ನು ಗಾರ್ತ್ ಅವರು ಪೂರ್ತಿ ತೆಗೆಸಬಹುದಿತ್ತು. ಊಹೆ ತಪ್ಪಲ್ಲ, ಊಹೆಯೆಂದು ಹೇಳಿ ಇಡು ಎಂದರು. ನಕ್ಷತ್ರವನ್ನು ನಾನು ಎಷ್ಟು ಒತ್ತಿ ಹಾಕಿದೆನೆಂದರೆ ಕಾಗದ ತೂತಾಯಿತು. ಇನ್ನೊಂದು ಹಾಳೆಯಲ್ಲಿ ಬರೆಯಬೇಕಾಯಿತು. ಒಪ್ಪೋಲೆಯ ಕರಡಚ್ಚೂ ಬಂತು. ಕೆ. ಟಾಲಿ ಎಂದು ಸಣ್ಣ ಅಚ್ಚುಮೊಳೆಯಲ್ಲಿ. ನೋಡಿ, ತಪ್ಪಿಲ್ಲವೆಂದು ಸಹಿ ಮಾಡಿ ಕೊಟ್ಟೆ.

ಬಾಗಿಲ ಪಕ್ಕ ಗಾಳಿ ಕಡಿಮೆಯೇನೂ ಆಗಿಲ್ಲ. ಬ್ರೆಡ್ ಅಂಗಡಿಯ ನಾಯಿಗೆ ಮರಿ ಹುಟ್ಟಿದೆ, ಬೆಳಗ್ಗೆ ನೋಡುತ್ತ ನಿಂತು ಎರಡು ನಿಮಿಷ ತಡವಾಯಿತು.

ಮಧ್ಯಾಹ್ನ ಜಿ ಅಕ್ಷರದ ಚೀಟಿ ವಿಂಗಡಿಸುವಾಗ ಒಂದು ಪದದ ತಲೆಯ ಮೇಲೆ ಕರಿ ಚುಕ್ಕೆ ಕಂಡಿತು. ಕಿಟಕಿಗೆ ಹಿಡಿದೆ, ತಿಳಿಯಲಿಲ್ಲ. ಎದ್ದು ಕೋಣೆಯ ಆ ತುದಿಗೆ ಹೋದೆ. ಸಂಪಾದಕರು ಯಾರೋ ಅತಿಥಿಯೊಡನೆ ಮಾತನಾಡುತ್ತಿದ್ದರು, ಎಲ್ಲರೂ ತಲೆಯೆತ್ತಿ ನೋಡಿದರು. ಇದು ನಕ್ಷತ್ರವೋ ಏನು ಎಂದು ಕೇಳಿದೆ. ಅವರು ಮಾತು ನಿಲ್ಲಿಸಿ, ಕನ್ನಡಕ ಹಣೆಗೇರಿಸಿ, ಉಗುರಿನಿಂದ ಕೆರೆದು ನೋಡಿದರು.

“ನೊಣ” ಎಂದರು.

ಬಂದು ಕೂತೆ. ಜಿ ಅಕ್ಷರದಲ್ಲಿ ಇನ್ನೂ ಹನ್ನೊಂದು ಕಟ್ಟು ಉಳಿದಿದೆ.